ತೋರಿಸಿಕೊಡಲು ಕುಳಿತವಳು

ಕಂಪ್ಯೂಟರ್ ಪರದೆಯ ಮೇಲೆ ಕೊಡೆಯ ಚಿತ್ರ ಬಂತು. ಮೊದಲೇ ನೋಡಿದ ಚಿತ್ರವಾಗಿದ್ದರೆ ಗುಂಡಿ ಒತ್ತಬೇಕಿತ್ತು. ನಾನು ಒತ್ತಲಿಲ್ಲ. ಹಿಂದೆ ನಿಂತಿದ್ದ ಅಣ್ಣ ಮೆಲ್ಲಗೆ, "ತಂಗೆವ್ವಾ, ಛತ್ರಿ ಆಗಳೇ ಬಂದಿತ್ತಲ್ಲ ಬೇ?" ಎಂದ.

ವಯಸ್ಸಾದವರ ಮರೆವನ್ನು ಆರಂಭದಲ್ಲೇ ಗುರುತಿಸಲು ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ಮಾಡುತ್ತಿದ್ದ ಪರೀಕ್ಷೆ ಅದು. ಗಲಗಲಿಯಿಂದ ಅಣ್ಣನನ್ನು ಒತ್ತಾಯ ಮಾಡಿ ಕರೆತಂದವಳು ನಾನೇ. ಅವನು ಕುರಿ ಕಾಯ್ದು ನನ್ನನ್ನು ಓದಿಸಿದವನು. ಎಪ್ಪತ್ತು ದಾಟಿದ ಮೇಲೆ ಮಾತಿನ ನಡುವೆ ತಡವರಿಸುತ್ತಿದ್ದ. ಅವನು ಯಂತ್ರ ನೋಡಿ ಅಂಜಿದ್ದರಿಂದ, ಹೇಗೆ ಮಾಡಬೇಕೆಂದು ತೋರಿಸಲು ನಿವೃತ್ತ ಗಣಿತ ಶಿಕ್ಷಕಿಯಾದ ನಾನೇ ಮೊದಲು ಕುಳಿತಿದ್ದೆ.

ಆಮೇಲೆ ಅಣ್ಣ ಕುಳಿತ. ಒಂದೇ ಬೆರಳಿನಿಂದ ನಿಧಾನವಾಗಿ ಒತ್ತಿದ, ಆದರೆ ಹೆಚ್ಚು ತಪ್ಪು ಮಾಡಲಿಲ್ಲ. ಇಬ್ಬರ ಫಲಿತಾಂಶವನ್ನೂ ನೋಡಿದ ಡಾಕ್ಟರು ನನ್ನ ಕಡೆ ತಿರುಗಿದರು.

"ಅವರದು ವಯಸ್ಸಿಗೆ ತಕ್ಕಂಗ ಛಲೋ ಐತ್ರಿ. ನಿಮ್ಮದು ಇನ್ನೊಮ್ಮೆ ನೋಡೂಣ್ರಿ ಟೀಚರ್."

ಕಂಪ್ಯೂಟರ್ ಅಭ್ಯಾಸವಿಲ್ಲದ್ದರಿಂದ ಹೀಗಾಗಿರಬೇಕು ಎಂದು ವಾದಿಸಿದೆ. ಹದಿನೈದು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿದರು, ತಲೆಯ ಸ್ಕ್ಯಾನ್ ಕೂಡ ಆಯಿತು. ಮರೆವಿನ ಕಾಯಿಲೆ ಶುರುವಾಗಿದ್ದುದು ನನಗೆ. ಮನೆಯಲ್ಲಿ ಯಾರಿಗೂ ಅದು ಗೊತ್ತಾಗಿರಲಿಲ್ಲ, ನನಗೂ ಆಗಿರಲಿಲ್ಲ.

ಬೇಗ ತಿಳಿದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳುತ್ತಾರೆ. ಔಷಧಿ ತಪ್ಪಿಸುವುದಿಲ್ಲ. ತಿಂಗಳಿಗೊಮ್ಮೆ ತಪಾಸಣೆಗೆ ಹೋಗುವ ದಿನ ಅಣ್ಣ ಬೆಳಗಿನ ಬಸ್ಸಿಗೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾನೆ. ಆ ದಿನ ಯಾವುದೆಂದು ಅವನಿಗೆ ನಾನು ಒಮ್ಮೆಯೂ ನೆನಪಿಸಬೇಕಾಗಿ ಬಂದಿಲ್ಲ.