ಅಪ್ಪನ ಫ್ಲಾಟಿನ ವಾರಸುದಾರರು

ಅಪ್ಪ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತಷ್ಟೆ, ಡೊಂಬಿವಲಿಯ ನಮ್ಮ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಮಾತು ಗಟ್ಟಿಯಾಯಿತು. ಬಿಲ್ಡರನನ್ನೂ ಗೊತ್ತುಮಾಡಿ ಆಗಿತ್ತು. ಮನೆಮನೆಯವರೂ ಕರಾರಿಗೆ ಸಹಿ ಹಾಕಬೇಕಿತ್ತು. ಅಮ್ಮನ ಸಹಿ ಯಾವತ್ತು ಎಂದು ಕೇಳಲು ಸೊಸೈಟಿ ಆಫೀಸಿಗೆ ಹೋದರೆ ಸೆಕ್ರೆಟರಿ ಫೈಲು ತಿರುವಿ, "ತಾಈ, ಆಈಚಂ ನಾವ್ ನಾಹೀ" ಎಂದರು. ಅಮ್ಮನ ಹೆಸರೇ ಇಲ್ಲ. ಅಪ್ಪ ನಾಮಿನಿಯಾಗಿ ಬರೆಸಿದ್ದು ತನ್ನ ಅಕ್ಕನ ಮಗನನ್ನು. ಹೊಸ ಫ್ಲಾಟಿನ ಕರಾರಿಗೆ ಅವನೇ ಸಹಿ ಹಾಕಬೇಕಂತೆ.

ಅಮ್ಮನಿಗೆ ಇದು ಮೊದಲಿಂದ ಗೊತ್ತಿತ್ತು. "ನಮ್ಮಲ್ಲಿ ಹಾಗೇ ಅಲ್ವಾ" ಎಂದು ಅಕ್ಕಿ ಆರಿಸುತ್ತಾ ಕೂತರು. ನಮ್ಮದು ಉಡುಪಿ ಕಡೆಯ ಅಳಿಯಕಟ್ಟಿನ ಮನೆತನ. ಗಂಡಸಿನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಸೇರುವುದು ಹಿಂದಿನಿಂದ ಬಂದ ರೂಢಿ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು. ಆದರೆ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ಈ ಮನೆ ಮಾಡಿದ ಅಪ್ಪನಿಗೆ, ಫಾರಂ ಮುಂದಿಟ್ಟಾಗ ನೆನಪಾದ ಮೊದಲ ಹೆಸರು ಸೋದರಳಿಯನದೇ. ಹೆಂಡತಿ, ಮಗಳು ಹೇಗೂ ಮನೆಯೊಳಗೇ ಇದ್ದಾರಲ್ಲ, ಅವರ ಹೆಸರನ್ನು ಬೇರೆ ಬರೆಯುವುದೆಂತಕ್ಕೆ ಎಂದುಕೊಂಡಿರಬೇಕು. ಉಯಿಲು ಬರೆದಿರಲಿಲ್ಲ. ಬರೆಯಿರಿ ಎಂದು ಹೇಳುವ ಧೈರ್ಯ ಯಾರಿಗಿತ್ತು?

ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಲ್ಯಾಣದಲ್ಲಿ ನನ್ನ ಸಂಸಾರ, ಭಿವಂಡಿಯ ಗೋದಾಮಿನಲ್ಲಿ ಕೆಲಸ. ಎರಡರ ನಡುವೆ ಓಡಾಡುವಾಗೆಲ್ಲ ಅಮ್ಮ ಬಟ್ಟೆ ಗಂಟು ಕಟ್ಟಿಕೊಂಡು ನನ್ನ ಮನೆಯ ಹಾಲಿನಲ್ಲಿ ಹಾಸಿಗೆ ಹಾಸುವ ದಿನ ಕಣ್ಣಿಗೆ ಕಟ್ಟುತ್ತಿತ್ತು. ಅಮ್ಮ ನನ್ನಲ್ಲಿಗೆ ಬಂದರೆ ಬೇಸರವೆಂದಲ್ಲ. ತನ್ನ ಬಾಗಿಲಿಗೆ ತಾನೇ ಬೀಗ ಹಾಕುವ ಹೆಂಗಸು ಅದು. ಆ ಬೀಗದ ಕೈ ಇನ್ನೊಬ್ಬರಿಗೆ ಹೋಗುವುದೆಂದರೆ ನನ್ನ ಮೈ ಉರಿಯುತ್ತಿತ್ತು.

ಆ ಹೊತ್ತಿಗೆ ಡೊಂಬಿವಲಿಯ ಕನ್ನಡಿಗರ ಸಂಘವೊಂದು ಭಾನುವಾರ ವಕೀಲರೊಬ್ಬರನ್ನು ಕರೆಸಿತು. ಉಯಿಲು, ವಾರಸುದಾರಿಕೆ ಬಗ್ಗೆ ಮಾಹಿತಿ ಅಂತ. ವಿಜಯಪುರದ ಹೆಂಗಸು, ಕಲ್ಯಾಣ ಕೋರ್ಟಿನಲ್ಲಿ ವಕಾಲತ್ತು. ಸಭಿಕರು ಮುಂದಿನ ಸಾಲನ್ನು ಖಾಲಿ ಬಿಟ್ಟು ಹಿಂದೆ ಒತ್ತೊತ್ತಾಗಿ ಕೂತಿದ್ದರು, ಮುಂದೆ ಕೂತವರನ್ನು ಯಮ ಮೊದಲು ಕರೆಯುತ್ತಾನೋ ಎಂಬಂತೆ. ಆಕೆ "ನೀವು ಸತ್ತ ಮ್ಯಾಲೆ" ಎಂದು ಶುರು ಮಾಡಿದ್ದೇ ತಡ, ಒಬ್ಬ ಹಿರಿಯರು "ಬೇರೆ ಉದಾಹರಣೆ ಕೊಡಿ ಮಾರಾಯ್ರೆ" ಎಂದು ಚಹಾ ಕುಡಿಯಲು ಎದ್ದು ಹೋದರು. ನಾನು ಮಾತ್ರ ಮುಂದಿನ ಸಾಲಿಗೆ ಹೋಗಿ ಕೂತೆ.

ಕೊನೆಗೆ ನನ್ನ ಸಂಗತಿ ಹೇಳಿದೆ. ಆಕೆ ನಕ್ಕರು. "ನಾಮಿನಿ ಅಂದ್ರ ಮಾಲಕ ಅಲ್ರಿ. ವಾರಸದಾರರು ಬರೂತನಾ ಕೀಲಿ ಹಿಡಕೊಂಡು ಕುಂಡ್ರಾಂವ, ಅಷ್ಟ."

ಹಾಲು ಕುಡಿದಷ್ಟು ಸಂತೋಷವಾಯಿತು. "ಹಾಗಾದರೆ ವಾರಸುದಾರರು ನಾನು, ಅಮ್ಮ ಇಬ್ಬರೇ" ಎಂದೆ.

"ನಿಮ್ಮ ಅಪ್ಪಾರ ತಾಯಿ ಅದಾರೇನು?"

ಅಜ್ಜಿ ಇದ್ದರು. ಘಣಸೋಲಿಯಲ್ಲಿ, ಅಪ್ಪನ ಅದೇ ಸೋದರಳಿಯನ ಮನೆಯಲ್ಲಿ, ತಮ್ಮ ಮಗಳ, ಅಂದರೆ ನನ್ನ ಅತ್ತೆಯ ಜೊತೆ. ತೊಂಬತ್ತರ ಆಸುಪಾಸಿನ ಜೀವ. ವರ್ಷಕ್ಕೊಮ್ಮೆ ಹೋಗಿ ಕಾಲಿಗೆ ಬಿದ್ದು ಬರುತ್ತಿದ್ದೆ. ಈ ಲೆಕ್ಕದಲ್ಲಿ ಅವರು ನನ್ನ ತಲೆಗೇ ಬಂದಿರಲಿಲ್ಲ.

"ಹಂಗಾರ ಮೂರು ಮಂದಿ. ಹೆಂಡ್ತಿ, ಮಗಳು, ತಾಯಿ. ಮೂವರಿಗೂ ಸಮಪಾಲು" ಎಂದರು ವಕೀಲರು. ದಾರಿ ಎರಡಿದ್ದವು. ಮೂವರ ಹೆಸರನ್ನೂ ಸೊಸೈಟಿಯಲ್ಲಿ ಹಾಕಿಸುವುದು, ಇಲ್ಲವೇ ಅಜ್ಜಿ ತನ್ನ ಪಾಲು ಬಿಟ್ಟುಕೊಟ್ಟು ಹಕ್ಕುಬಿಡುಗಡೆ ಪತ್ರ ನೋಂದಾಯಿಸುವುದು. ನನ್ನ ಕಿವಿಗೆ ಬಿದ್ದದ್ದು ಎರಡನೆಯದು ಮಾತ್ರ. ಅಜ್ಜಿಯ ಹೆಸರು ಉಳಿದರೆ ಅವರ ನಂತರ ಆ ಪಾಲಿನಲ್ಲಿ ಅರ್ಧವಾದರೂ ಅತ್ತೆಗೆ, ಅತ್ತೆಯಿಂದ ಮತ್ತೆ ಅವರ ಮಗನಿಗೇ. ಸುತ್ತಿ ಬಳಸಿ ಅಲ್ಲಿಗೇ ಹೋಗುವ ನೀರು. ಅದಕ್ಕೆ ನಾನು ಬಿಡುವವಳೇ?

ಜಗಳಕ್ಕೆ ಸಜ್ಜಾಗಿ ಅವನನ್ನು ಕಾಣಲು ಐರೋಲಿಗೆ ಹೋದೆ. ಅಲ್ಲಿ ಅವನದೊಂದು ಸಣ್ಣ ಹೋಟೆಲು. ದೋಸೆಯ ಕಾವಲಿಯ ಪಕ್ಕದಲ್ಲೇ ನಿಂತು ಎಲ್ಲ ಕೇಳಿದ. ಊರ ಕಡೆಯ ಮಾತಿನಲ್ಲೇ ಉತ್ತರ ಕೊಟ್ಟ: "ಮಾವ ಹೆಸರು ಕೇಳಿದ್ರು, ಕೊಟ್ಟೆ. ನನಗೆ ಆ ಮನೆ ಎಂತಕ್ಕೆ? ವಕೀಲರು ಹೇಳಿದ ಕಡೆ ಸಹಿ ಹಾಕ್ತೇನೆ. ಅಜ್ಜಿಯನ್ನೂ ನಾನೇ ಕರ್ಕೊಂಡು ಬರ್ತೇನೆ." ನನ್ನ ಸಿಟ್ಟಿಗೆ ಕೂರಲು ಜಾಗವೇ ಸಿಗಲಿಲ್ಲ. ಅವನು ಕೊಟ್ಟ ಕಾಫಿ ಕುಡಿದು ಬಂದೆ.

ಕಲ್ಯಾಣದ ನೋಂದಣಿ ಕಚೇರಿಗೆ ಅವನು ಅಜ್ಜಿಯನ್ನು ಹೇಳಿದ ಹೊತ್ತಿಗೆ ಸರಿಯಾಗಿ ತಂದಿಳಿಸಿದ. ಅಜ್ಜಿ ಇಸ್ತ್ರಿ ಹಾಕಿದ ಸೀರೆ ಉಟ್ಟಿದ್ದರು. ಅಮ್ಮ ಅವರ ಪಕ್ಕದಲ್ಲಿ ಬೆಂಚಿನ ತುದಿಗೆ ಕೂತರು. ನಾನು ಕೌಂಟರಿಗೂ ಬಾಗಿಲಿಗೂ ತಿರುಗುತ್ತಾ ಇದ್ದೆ. ನಮ್ಮ ಸರದಿ ಬಂದಾಗ ಅಧಿಕಾರಿ ಅಜ್ಜಿಯನ್ನು ಮರಾಠಿಯಲ್ಲಿ ಏನೋ ಕೇಳಿದರು. ಅಜ್ಜಿ ನನ್ನ ಮುಖ ನೋಡಿದರು.

"ಒಪ್ಪಿ ಕೊಡ್ತಿದ್ದೀರಾ ಅಂತ ಕೇಳ್ತಿದ್ದಾರೆ. ಹೂಂ ಅನ್ನಿ. ಆಮೇಲೆ ಇಲ್ಲಿ ಹೆಬ್ಬೆರಳಿಡಿ" ಎಂದೆ.

"ಎಂತ ಕೊಡುದು?"

"ಡೊಂಬಿವಲಿ ಮನೆಯಲ್ಲಿ ನಿಮ್ಮ ಪಾಲು."

"ನನ್ನ ಪಾಲು ಉಂಟಾ ಅದರಲ್ಲಿ?"

ಅಪ್ಪನ ಸೋದರಳಿಯನ ಕಡೆ ನೋಡಿದೆ. ಅವನೂ ಹೇಳಿರಲಿಲ್ಲ. ಹೆಬ್ಬೆರಳಿಡಲಿಕ್ಕೆ ಉಂಟು, ಹೋಗುವ ಎಂದಷ್ಟೇ ಹೇಳಿ ಕರೆತಂದಿದ್ದ. ಕಾನೂನು ಹಾಗಿದೆ ಅಜ್ಜಿ, ಮಗ ಹೋದರೆ ತಾಯಿಗೂ ಒಂದು ಪಾಲು ಬರುತ್ತದೆ ಎಂದು ಅವಸರದಲ್ಲಿ ಬಿಡಿಸಿ ಹೇಳಿದೆ. ಹಿಂದೆ ನಿಂತವರು ಗೊಣಗುತ್ತಿದ್ದರು.

ಅಜ್ಜಿ ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಅವನ ಹೆಣ ನೋಡಲಿಕ್ಕೆ ಕರೆದಿರಿ. ಬೊಜ್ಜಕ್ಕೆ, ತಿಥಿ ಊಟಕ್ಕೆ ಕರೆದಿರಿ. ಮಗ ನನಗೆ ಏನೋ ಬಿಟ್ಟು ಹೋಗಿದ್ದಾನೆ ಅಂತ ಒಬ್ಬರಾದರೂ ಹೇಳಿದಿರಾ?" ಎಂದರು. ದನಿ ಏರಿರಲಿಲ್ಲ. "ಈಗ ಕೊಡುದಿಲ್ಲ. ಸ್ವಲ್ಪ ದಿನ ನನ್ನ ಹತ್ತಿರ ಇರಲಿ."

ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಬಂದವು. ಆದರೂ ನನ್ನ ಬಾಯಿಂದ ಹೊರಟದ್ದು, "ಅಜ್ಜಿ, ಬಿಲ್ಡರ್ ಕಾಯ್ತಿದ್ದಾನೆ, ಆ ಮನೆಯನ್ನು ಕೆಡವುತ್ತಾರೆ" ಎಂದೇ.

ಅಷ್ಟರಲ್ಲಿ ಅಮ್ಮ ಬೆಂಚಿನಿಂದ ಎದ್ದು ಬಂದರು. ಮನೆ ಯಾರದು ಎಂದು ಇಷ್ಟು ದಿನ ಒಮ್ಮೆಯೂ ಬಾಯಿ ಬಿಡದಿದ್ದವರು ನನ್ನ ಕೈಯಿಂದ ಕಾಗದಗಳನ್ನು ತೆಗೆದು ಮಡಚಿದರು. "ಮೂವರ ಹೆಸರೂ ಹಾಕಿಸು" ಎಂದು ನನಗೆ ಹೇಳಿದರು. ಆಮೇಲೆ ಅಜ್ಜಿಯ ತೋಳು ಹಿಡಿದು, "ಬನ್ನಿ ಅತ್ತೆ, ಕೆಡವುವ ಮೊದಲು ಒಮ್ಮೆ ನಿಮ್ಮ ಮನೆ ನೋಡಿಕೊಂಡು ಬರುವ" ಎಂದು ಮೆಲ್ಲಗೆ ಬಾಗಿಲ ಕಡೆ ನಡೆಸಿಕೊಂಡು ಹೋದರು.