ಎರಡು ಮನೆಗೆ ಒಂದೇ ಬಟನ್

ನನ್ನ ಉಮ್ಮನೂ ಚಿಕ್ಕಮ್ಮನೂ ಮಾತು ಬಿಟ್ಟದ್ದು ಒಂದು ಹುಲಿಯಿಂದಾಗಿ. ಕಾಡಿನ ಹುಲಿಯಲ್ಲ, ಕಂಬಳಿಯ ಮೇಲಿನದ್ದು. ಗಲ್ಫಿನಲ್ಲಿರುವ ಮಾವ, ಅಂದರೆ ಇವರಿಬ್ಬರ ಒಬ್ಬನೇ ತಮ್ಮ, ಒಮ್ಮೆ ರಜೆಗೆ ಬರುವಾಗ ಅಕ್ಕಂದಿರಿಬ್ಬರಿಗೂ ಒಂದೊಂದು ಕಂಬಳಿ ತಂದಿದ್ದರು. ಒಂದರಲ್ಲಿ ಬಾಯಿ ತೆರೆದ ಹುಲಿ, ಇನ್ನೊಂದರಲ್ಲಿ ಗುಲಾಬಿ ಹೂವು. ಹುಲಿ ಚಿಕ್ಕಮ್ಮನ ಪಾಲಿಗೆ ಹೋಯಿತು, ಗುಲಾಬಿ ನಮ್ಮ ಪಾಲಿಗೆ ಬಂತು. ಉಮ್ಮ ಎರಡನ್ನೂ ಬೆರಳಿನಲ್ಲಿ ಹಿಸುಕಿ ನೋಡಿ, "ಹುಲಿಯದ್ದು ಸ್ವಲ್ಪ ದಪ್ಪ ಉಂಟು" ಎಂದರು.

ಅಷ್ಟೇ ಮಾತು. ಮರುದಿನ ಚಿಕ್ಕಮ್ಮ ಹುಲಿಯನ್ನು ಮಡಚಿ ನಮ್ಮ ಮನೆಗೆ ಕಳಿಸಿದರು. ಉಮ್ಮ ವಾಪಸ್ ಕಳಿಸಿದರು. ಅದು ಮತ್ತೆ ಬಂತು. ಕೊನೆಗೆ ಎರಡು ಮನೆಗಳ ನಡುವಿನ ಕಂಪೌಂಡ್ ಗೋಡೆಯ ಮೇಲೆ ಹುಲಿ ಯಾರಿಗೂ ಬೇಡವಾಗಿ ಬಿಸಿಲು ಕಾಯಿಸುತ್ತಾ ಮಲಗಿತು. ಅಳದಂಗಡಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಚಿಕ್ಕಪ್ಪ ವಾರಕ್ಕೊಮ್ಮೆ ಶುಕ್ರವಾರದ ಜುಮಾ ನಮಾಝಿಗೆಂದು ಊರಿಗೆ ಬರುವವರು. ಅವರು ಯಾರನ್ನೂ ಕೇಳದೆ ಅದನ್ನು ಎತ್ತಿಕೊಂಡು ಹೋಗಿ ಅಂಗಡಿಯ ಮಾಳಿಗೆಯಲ್ಲಿ ಹೊದ್ದು ಮಲಗಿದರು. ಆ ಜಗಳದಲ್ಲಿ ಲಾಭವಾದದ್ದು ಅವರೊಬ್ಬರಿಗೆ.

ನಮ್ಮದು ಪಾಣೆಮಂಗಳೂರು. ಅಜ್ಜಿಯ ಜಾಗವನ್ನು ಎರಡು ಪಾಲು ಮಾಡಿ ಅಕ್ಕ ತಂಗಿ ಒತ್ತೊತ್ತಾಗಿ ಮನೆ ಕಟ್ಟಿಕೊಂಡವರು. ಅಲ್ಲಿ ಮಿಕ್ಸಿ ತಿರುಗಿದರೆ ಇಲ್ಲಿ ಅದು ತೆಂಗಿನಕಾಯಿಯೋ ಮೆಣಸೋ ಎಂದು ಹೇಳಬಹುದು. ಹುಲಿ ಬರುವ ಮೊದಲು ಗೋಡೆಯ ಮೇಲೆ ದಿನಕ್ಕೆ ನಾಲ್ಕು ಸಲ ತಟ್ಟೆಗಳು ದಾಟುತ್ತಿದ್ದವು. ಅಲ್ಲಿಂದ ಎಣ್ಣೆಯಲ್ಲಿ ಕರಿದ ಬಿಸಿ ನೈಪತ್ತಿರ್ ಬಂದರೆ ಇಲ್ಲಿಂದ ಮೀನಿನ ಸಾರು. ಪಾತ್ರೆ ಖಾಲಿ ವಾಪಸ್ ಹೋಗಬಾರದು ಎಂಬುದು ನಮ್ಮಲ್ಲಿ ಕಾನೂನು. ಜಗಳದ ಹೊತ್ತಿಗೆ ಚಿಕ್ಕಮ್ಮನ ನೀಲಿ ಅಂಚಿನ ಪಿಂಗಾಣಿ ತಟ್ಟೆಯೊಂದು ನಮ್ಮಲ್ಲೇ ಉಳಿದುಬಿಟ್ಟಿತ್ತು. ಖಾಲಿ ಕೊಡುವ ಹಾಗಿಲ್ಲ, ತುಂಬಿಸಿ ಕೊಟ್ಟರೆ ಸೋತ ಹಾಗೆ. ಉಮ್ಮ ಅದನ್ನು ದಿನವೂ ಒರೆಸಿ ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದರು.

ಉಮ್ಮನಿಗೆ ತಂಗಿ ಬೇಕಿತ್ತು. ಅದು ನನಗೆ ಗೊತ್ತು, ಗೋಡೆಗೂ ಗೊತ್ತು. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ. ಮಕ್ಕಳೆಲ್ಲ ಮದುವೆಯಾಗಿ ಹೋದವರು, ವಾರದ ಹೆಚ್ಚಿನ ದಿನ ಅವರು ಒಬ್ಬರೇ. "ಹೋಗಿ ವಿಚಾರಿಸಿ ಬನ್ನಿ ಉಮ್ಮಾ" ಎಂದರೆ, "ಮೊದಲು ಮಾತಾಡಬೇಕಾದವಳು ಯಾರು? ಸಣ್ಣವಳಲ್ಲವಾ?" ಎಂದು ನನ್ನ ಮೇಲೆಯೇ ಹಾರುತ್ತಿದ್ದರು. ನಮ್ಮ ಜಗಳಗಳೆಲ್ಲ ಬ್ಯಾರಿ ಭಾಷೆಯಲ್ಲಿ ನಡೆಯುವಂಥವು. ಕನ್ನಡಕ್ಕೆ ತರುವಾಗ ಅರ್ಧ ಖಾರ ದಾರಿಯಲ್ಲಿ ಚೆಲ್ಲಿಹೋಗುತ್ತದೆ, ಓದುವವರು ಸ್ವಲ್ಪ ಸೇರಿಸಿಕೊಳ್ಳಬೇಕು.

ಹುಲಿಯ ಕತೆಯಾದ ಮೇಲೆ ಮಾವ ಬುದ್ಧಿ ಕಲಿತರು. ಇನ್ನು ಮುಂದೆ ಏನು ತಂದರೂ ಒಂದೇ ಅಂಗಡಿ, ಒಂದೇ ಬಣ್ಣ, ಒಂದೇ ತೂಕ. ಮುಂದಿನ ರಜೆಯಲ್ಲಿ ಅವರು ಬಂದಾಗ ಪೆಟ್ಟಿಗೆಯಿಂದ ಎರಡು ಡಬ್ಬಿ ಹೊರಬಂದವು. ಕೂತಲ್ಲಿಂದಲೇ ಲೈಟು, ಫ್ಯಾನು ಹಾಕುವ ರಿಮೋಟು. ಅಕ್ಕಂದಿರಿಬ್ಬರಿಗೂ ಮೊಣಕಾಲು ನೋವು, ಸ್ವಿಚ್ಚಿಗಾಗಿ ಎದ್ದು ಓಡಾಡುವುದು ಬೇಡ ಎಂಬ ಪ್ರೀತಿ. "ನೋಡಿ, ಎರಡೂ ಅಕ್ಕಪಕ್ಕ ಇದ್ದದ್ದನ್ನೇ ಎತ್ತಿಕೊಂಡದ್ದು. ಅಂಗಡಿಯವನ ಹತ್ತಿರ ಮೂರು ಸಲ ಕೇಳಿದ್ದೇನೆ, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಇಲ್ಲ" ಎಂದರು.

ಬಂಟ್ವಾಳದಿಂದ ಬಂದ ಎಲೆಕ್ಟ್ರಿಷಿಯನ್ ಬೆಳಿಗ್ಗೆ ನಮ್ಮ ಮನೆಯಲ್ಲಿ ಸ್ವಿಚ್ ಬೋರ್ಡುಗಳನ್ನು ಬಿಚ್ಚಿ ಒಳಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿಗಳನ್ನು ಕೂರಿಸಿದ. ರಿಮೋಟಿನಲ್ಲಿ ನಾಲ್ಕು ಬಟನ್. ಮೊದಲನೆಯದು ಹಾಲಿನ ಲೈಟಿಗೆ, ಎರಡನೆಯದು ಫ್ಯಾನಿಗೆ, ಮೂರನೆಯದು ಎದುರಿನ ಜಗಲಿಗೆ, ಅಂದರೆ ಸಿಟೌಟಿಗೆ, ನಾಲ್ಕನೆಯದು ಮಲಗುವ ಕೋಣೆಗೆ. ಒಮ್ಮೆ ಒತ್ತಿದರೆ ಉರಿಯುತ್ತದೆ, ಮತ್ತೊಮ್ಮೆ ಒತ್ತಿದರೆ ಆರುತ್ತದೆ. ಮಧ್ಯಾಹ್ನ ಅವನು ಚಿಕ್ಕಮ್ಮನ ಮನೆಗೆ ಹೋಗುವಾಗ ಮಾವ ಹಿಂದೆಯೇ ಹೋದರು. "ಅಲ್ಲಿ ಹೇಗೆ ಮಾಡಿದ್ದೀರೋ ಇಲ್ಲಿಯೂ ಹಾಗೆಯೇ ಮಾಡಬೇಕು. ಬಟನ್ ಸಹ ಆಚೀಚೆ ಆಗಬಾರದು." ಅವನು ತಲೆ ಕೆರೆದುಕೊಂಡು, "ಆಯ್ತು ಮಾರಾಯ್ರೆ, ಎಂತ, ಎರಡು ಮನೆಗೂ ಒಂದೇ ದಿನ ನಿಖಾ ಉಂಟಾ?" ಎಂದ. ಎರಡೇ ದಿನದಲ್ಲಿ ಮಾವನ ರಜೆ ಮುಗಿಯಿತು, ಅವರು ವಿಮಾನ ಹತ್ತಿದರು.

ಉಮ್ಮ ರಿಮೋಟನ್ನು ಕುಪ್ಪಾಯದ ಜೇಬಿನಲ್ಲಿ ಇಟ್ಟುಕೊಂಡು ಮನೆಯಲ್ಲಿ ಕಲೆಕ್ಟರರ ಹಾಗೆ ಓಡಾಡತೊಡಗಿದರು. ಏಳಬಾರದೆಂದು ಕೊಟ್ಟ ವಸ್ತುವನ್ನು ಪರೀಕ್ಷಿಸಲು ಅವರು ಮನೆಯ ಮೂಲೆ ಮೂಲೆಗೂ ಎದ್ದು ಹೋಗಿ ಒತ್ತಿ ನೋಡಿದರು.

ಮೂರನೆಯ ದಿನದಿಂದ ಕಿತಾಪತಿ ಶುರುವಾಯಿತು. ಉಮ್ಮ ಊಟಕ್ಕೆ ಕೂತಿರುವಾಗ ಫ್ಯಾನು ತಾನಾಗಿ ನಿಂತಿತು. ಹಾಕಿದರು. ಮತ್ತೆ ನಿಂತಿತು. ಸಂಜೆ ಯಾರೂ ಮುಟ್ಟದೆ ಸಿಟೌಟಿನ ಲೈಟು ಉರಿಯಿತು. ಉಮ್ಮ ಮೊದಲು ಕರೆಂಟಿನವರನ್ನು ಬಯ್ದರು. ಆಮೇಲೆ ಸ್ವಿಚ್ ಬೋರ್ಡಿನ ಹಿಂದೆ ಹಲ್ಲಿ ಸೇರಿದೆ ಎಂದರು. ಕೊನೆಗೆ ದನಿ ತಗ್ಗಿಸಿ, "ಜಿನ್ನಿನ ಕೆಲಸ ಇರಬಹುದಾ?" ಎಂದು ಕೇಳಿದರು. "ಜಿನ್ನಿಗೆ ನಮ್ಮ ಫ್ಯಾನು ಎಂತಕ್ಕೆ ಉಮ್ಮಾ?" ಎಂದೆ. "ಸೆಕೆ ಅದಕ್ಕೂ ಆಗುವುದಿಲ್ಲವಾ?" ಎಂದರು.

ಜಿನ್ನು ಯಾರೆಂದು ತಿಳಿದದ್ದು ನಾನು ಕೆಲಸದಿಂದ ಬರುವಾಗ. ನಾನು ಮೂಡಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುವವಳು. ದಿನವೂ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುವುದರಿಂದ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಸಂಜೆ ಗೇಟಿಗೆ ಕೈ ಹಾಕಿದ್ದೇ ತಡ, ಎರಡು ಮನೆಗಳ ಸಿಟೌಟಿನಲ್ಲೂ ಒಂದೇ ಕ್ಷಣಕ್ಕೆ ಬೆಳಕು ಬಂತು. ಆಚೆ ಚಿಕ್ಕಮ್ಮ ಕುರ್ಚಿಯಲ್ಲಿ ಕೂತು ರಿಮೋಟು ಹಿಡಿದಿದ್ದರು. ನಾನು ಒಳಗೆ ಓಡಿ ನಮ್ಮದನ್ನು ಒತ್ತಿದೆ. ಎರಡೂ ಒಟ್ಟಿಗೆ ಆರಿದವು. ಮಾವ ಎಷ್ಟು ಶ್ರದ್ಧೆಯಿಂದ ಒಂದೇ ಥರದ್ದು ಹುಡುಕಿದ್ದರೆಂದರೆ, ಎರಡು ರಿಮೋಟುಗಳ ಒಳಗಿನ ಕೋಡ್ ನಂಬರು ಸಹ ಒಂದೇ ಆಗಿತ್ತು. ಮೊದಲ ಎರಡು ದಿನ ಚಿಕ್ಕಮ್ಮ ತಮ್ಮದನ್ನು ಡಬ್ಬಿಯಿಂದ ತೆಗೆಯದ ಕಾರಣ ಗೊತ್ತಾಗಿರಲಿಲ್ಲ. ಫೋನು ಮಾಡಿ ಹೇಳಿದರೆ ಮಾವನಿಗೆ ಹೆಮ್ಮೆ. "ನಾನು ಹೇಳಿದ್ದೆನಲ್ಲ, ಕೂದಲೆಳೆಯ ವ್ಯತ್ಯಾಸ ಇಲ್ಲ ಅಂತ!"

ವಿಷಯ ಎರಡು ಮನೆಗೂ ತಿಳಿದ ಮೇಲೆ ಶಾಂತಿಯಾಗಬೇಕಿತ್ತು, ಯುದ್ಧವಾಯಿತು. "ಅವಳು ಬೇಕೆಂದೇ ಮಾಡುವುದು, ನಾನು ಊಟಕ್ಕೆ ಕೂತದ್ದು ನೋಡಿಯೇ ಒತ್ತುವುದು" ಎಂದು ಉಮ್ಮ ಫ್ಯಾನಿನ ಬಟನ್ ಮೇಲೆ ಹೆಬ್ಬೆಟ್ಟು ಊರಿದರು. ಆಚೆಯಿಂದಲೂ ಅದೇ ಉತ್ತರ. ಎರಡು ಮನೆಯ ಫ್ಯಾನುಗಳೂ ತಿರುಗಬೇಕೋ ನಿಲ್ಲಬೇಕೋ ಗೊತ್ತಾಗದೆ ತಡವರಿಸಿದವು. ಚಿಕ್ಕಮ್ಮ ನೇರ ಮಾತಾಡುವ ಹಾಗಿಲ್ಲದ ಕಾರಣ ತಮ್ಮ ಬೆಕ್ಕಿಗೆ ಹೇಳಿದರು: "ಕೆಲವರಿಗೆ ವಯಸ್ಸಾದರೂ ಬುದ್ಧಿ ಬರುವುದಿಲ್ಲ, ಅಲ್ಲವಾ ಪುಟ್ಟಾ?" ನಮ್ಮಲ್ಲಿ ಬೆಕ್ಕಿಲ್ಲ. ಉಮ್ಮ ನನ್ನ ಕಡೆ ತಿರುಗಿ ಗೋಡೆಗೆ ಕೇಳುವಷ್ಟು ಗಟ್ಟಿಯಾಗಿ, "ಕೆಲವರಿಗೆ ಬೆಕ್ಕೊಂದೇ ಗತಿ" ಎಂದರು.

ಆದರೆ ದಿನವೂ ಯುದ್ಧ ಮಾಡಲು ಇಬ್ಬರಿಗೂ ತ್ರಾಣ ಎಲ್ಲಿದೆ? ಕ್ರಮೇಣ ಯಾರೂ ಮಾತಾಡದೆ ಒಂದು ಏರ್ಪಾಡು ತಾನಾಗಿ ಆಯಿತು. ಬೆಳಗಿನ ಸುಬಹಿ ನಮಾಝಿಗೆ ಚಿಕ್ಕಮ್ಮ ಮೊದಲು ಏಳುವವರು, ಅವರು ಒತ್ತಿದರೆ ನಮ್ಮ ಹಾಲಿನಲ್ಲೂ ಬೆಳಕು. ಸಂಜೆ ಮಸೀದಿಯಿಂದ ಮಗ್ರಿಬ್ ಬಾಂಗ್ ಕೇಳಿದಾಗ ಉಮ್ಮನ ಸರದಿ, ಅವರು ಒತ್ತಿದರೆ ಆಚೆಯ ಸಿಟೌಟಿನಲ್ಲೂ ಬೆಳಕು. ಉಮ್ಮ ಲೈಟು ನೋಡಿ ತಂಗಿಯ ಸುದ್ದಿ ಹೇಳತೊಡಗಿದರು. "ಇವತ್ತು ಬೇಗ ಎದ್ದಿದ್ದಾಳೆ." "ಈ ಹೊತ್ತಿಗೆ ಫ್ಯಾನು ಹಾಕಿದ್ದಾಳೆ, ಬೆವರುತ್ತಿರಬೇಕು, ಮದ್ದು ತಿಂದಿದ್ದಾಳೋ ಇಲ್ಲವೋ." ನಾನು ನಗುತ್ತಿದ್ದೆ. "ಕೇಳಿಕೊಂಡು ಬನ್ನಿ ಹಾಗಾದರೆ" ಎಂದರೆ ಮುಖ ತಿರುಗಿಸುತ್ತಿದ್ದರು.

ಇದರಲ್ಲಿ ನಡುವೆ ಸಿಕ್ಕಿ ನುಜ್ಜುಗುಜ್ಜಾದವಳು ನಾನು. ನಾಲ್ಕನೆಯ ಬಟನ್ ಮಲಗುವ ಕೋಣೆಯದ್ದು, ಮತ್ತು ನಮ್ಮಲ್ಲಿ ಆ ಕೋಣೆ ನನ್ನದು. ವಾರವಿಡೀ ಬಸ್ಸಿನಲ್ಲಿ ಜೋತಾಡಿದವಳು ಭಾನುವಾರ ಒಂದು ದಿನ ಮಲಗೋಣವೆಂದರೆ, ಚಿಕ್ಕಮ್ಮ ಎದ್ದ ಕೂಡಲೇ ನನ್ನ ಕಣ್ಣಿಗೆ ಟ್ಯೂಬ್‌ಲೈಟು. ಆರಿಸೋಣವೆಂದು ನಾನು ಒತ್ತಿದರೆ ಅಲ್ಲಿ ಅವರು ಕತ್ತಲಲ್ಲಿ. ಅವರು ಮತ್ತೆ ಒತ್ತುತ್ತಾರೆ. ಸಾಕಾಯಿತು. ಮೂಡಬಿದಿರೆಯ ಒಂದು ಅಂಗಡಿಯಲ್ಲಿ ಬೇರೆ ಕೋಡಿನ ಹೊಸ ರಿಮೋಟು ಸಿಗುತ್ತದೆಂದು ತಿಳಿದು ತಂದೆ. ಬೋರ್ಡಿನೊಳಗಿನ ಡಬ್ಬಿಯ ಬಟನ್ ಒತ್ತಿ ಹಿಡಿದರೆ ಅದು ಹಳೆಯದನ್ನೆಲ್ಲ ಮರೆತುಬಿಡುತ್ತದೆ. ಆಮೇಲೆ ಹೊಸ ರಿಮೋಟನ್ನು ಕಲಿಸಿಕೊಡಬೇಕು. ಶನಿವಾರ ಮಧ್ಯಾಹ್ನ ಮೇನ್ ಆಫ್ ಮಾಡುವುದು, ಬೋರ್ಡು ಬಿಚ್ಚುವುದು, ಮತ್ತೆ ಮೇನ್ ಹಾಕಿ ಕಲಿಸುವುದು ಎಂದು ಸ್ಟೂಲು ಹತ್ತಿ ಇಳಿದು, ನಾಲ್ಕನ್ನೂ ಮರೆಸಿ ನಾಲ್ಕಕ್ಕೂ ಕಲಿಸಿದೆ. "ಇನ್ನು ನಮ್ಮದು ನಮಗೆ, ಅವರದ್ದು ಅವರಿಗೆ" ಎಂದು ಬೀಗುತ್ತಾ ಹೊಸ ರಿಮೋಟನ್ನು ಉಮ್ಮನ ಕೈಗಿಟ್ಟೆ. ಉಮ್ಮ ಅದನ್ನು ಹಿಂದೆ ಮುಂದೆ ನೋಡಿ, "ಒಳ್ಳೆಯದಾಯ್ತು" ಎಂದರು. ದನಿಯಲ್ಲಿ ಒಳ್ಳೆಯದು ಏನೂ ಇರಲಿಲ್ಲ.

ಮಗ್ರಿಬ್ ಬಾಂಗ್ ಕೇಳಿತು. ಉಮ್ಮ ಒತ್ತಿದರು. ನಮ್ಮ ಸಿಟೌಟಿನಲ್ಲಿ ಬೆಳಕು ಬಂತು, ಆಚೆ ಬರಲಿಲ್ಲ. ಚಿಕ್ಕಮ್ಮ ಕುರ್ಚಿಯಲ್ಲಿ ಹಾಗೆಯೇ ಕೂತಿದ್ದರು, ರಿಮೋಟು ಮಡಿಲಲ್ಲೇ ಇತ್ತು, ಒತ್ತಲಿಲ್ಲ. ಉಮ್ಮ ಕಿಟಕಿಯ ಪರದೆ ಸರಿಸಿ ನೋಡಿದರು. "ಅವಳು ಯಾಕೆ ಕತ್ತಲಲ್ಲಿ ಕೂತಿದ್ದಾಳೆ?" ಎಂದು ಕೇಳಿದರು. "ಒತ್ತಿದರೆ ಬರುತ್ತದಲ್ಲ ಉಮ್ಮಾ, ಅವರಿಗೆ ಕೈ ಇಲ್ಲವಾ?" ಎಂದೆ. ಉಮ್ಮ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯುವಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆಚೆ ಬೆಳಕು ಬಂತು. ಉಮ್ಮ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಕೋಣೆ ಕತ್ತಲಾಗಿಯೇ ಇತ್ತು. ಆದರೂ ಅಭ್ಯಾಸಬಲದಿಂದ ಎಚ್ಚರವಾಯಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಹೊರಗೆ ಬಂದರೆ ಉಮ್ಮ ನಮಾಝ್ ಮುಗಿಸಿ ಹಾಲಿನಲ್ಲಿ ಕತ್ತಲಲ್ಲಿ ಕೂತಿದ್ದಾರೆ. ಹೊಸ ರಿಮೋಟು ಪಕ್ಕದಲ್ಲೇ ಇದೆ.

"ಲೈಟು ಹಾಕಿ ಉಮ್ಮಾ."

"ಹಾಕಿದರೆ ಬರುತ್ತದೆ. ಅದು ನಂಗೆ ಗೊತ್ತುಂಟು" ಎಂದರು. ಆಮೇಲೆ ನಿಧಾನವಾಗಿ, "ಅವಳು ಎದ್ದಿದ್ದಾಳೋ ಇಲ್ಲವೋ ಅಂತ ನಂಗೆ ಹೇಗೆ ಗೊತ್ತಾಗುವುದು ಇನ್ನು?" ಎಂದರು.

ನಾನು ಅವರ ಪಕ್ಕ ಕೂತೆ. ಅಷ್ಟರಲ್ಲಿ ಕಿಟಕಿಯ ಆಚೆ ಏನೋ ಮಿಣುಕಿತು. ಚಿಕ್ಕಮ್ಮನ ಸಿಟೌಟಿನ ಲೈಟು ಉರಿಯಿತು, ಆರಿತು. ಮತ್ತೆ ಉರಿಯಿತು, ಆರಿತು. ಹಾಲಿನ ಲೈಟೂ ಹಾಗೆಯೇ. ಯಾರೋ ಒಳಗೆ ಕೂತು ಎಲ್ಲ ಬಟನ್‌ಗಳನ್ನೂ ಒಂದೇ ಸಮನೆ ಒತ್ತುತ್ತಿದ್ದರು. ಉಮ್ಮ ಎದ್ದು ನಿಂತರು. ನಾವು ಬಾಗಿಲು ತೆರೆಯುವುದಕ್ಕೂ ನಮ್ಮ ಗೇಟು ಕಿರ್ರೆನ್ನುವುದಕ್ಕೂ ಸರಿಯಾಯಿತು. ಚಿಕ್ಕಮ್ಮ ಒಳಗೆ ಬರುತ್ತಿದ್ದರು. ಕೈಯಲ್ಲಿ ರಿಮೋಟು, ತಲೆಗೆ ಹೊದ್ದ ತಟ್ಟದ ಬಟ್ಟೆ ಅರ್ಧ ಜಾರಿತ್ತು, ಮುಖದಲ್ಲಿ ರಕ್ತವಿಲ್ಲ.

ಉಮ್ಮ ಅವರ ಮುಖ ನೋಡಲಿಲ್ಲ, ಕಾಲು ನೋಡಿದರು. "ಬರಿಗಾಲಲ್ಲಿ ಬಂದಿದ್ದೀಯಾ? ಸಕ್ಕರೆ ಕಾಯಿಲೆಯವಳು! ಕಾಲಿಗೆ ಎಂತಾದರೂ ಚುಚ್ಚಿದರೆ?"

ಚಿಕ್ಕಮ್ಮ ಅಂಗಳದಲ್ಲೇ ನಿಂತರು. "ನಿನ್ನೆ ಸಂಜೆ ನೀನು ಹಾಕಿದ ಲೈಟು ನನ್ನಲ್ಲಿಗೆ ಬರಲಿಲ್ಲ" ಎಂದರು. "ಈಗ ನಾನು ಎಷ್ಟು ಒತ್ತಿದರೂ ನಿಮ್ಮಲ್ಲಿ ಬೆಳಕು ಬರುವುದಿಲ್ಲ. ನಾನು ಎಂತ ತಿಳಿಯಬೇಕು ಅಕ್ಕಾ?" ಅಷ್ಟು ಹೇಳಿ ಅತ್ತುಬಿಟ್ಟರು. ಉಮ್ಮನೂ ಅತ್ತರು. ನಾನು ಸ್ವಿಚ್ ಬೋರ್ಡಿನ ಪಕ್ಕ ನಿಂತು ಮೂಗು ಒರೆಸಿಕೊಂಡೆ.

ಅಳು ಮುಗಿದ ಮೇಲೆ ಇಬ್ಬರೂ ಒಟ್ಟಾಗಿ ನನ್ನ ಕಡೆ ತಿರುಗಿದರು. "ಇವಳೇ ಮಾಡಿದ್ದು" ಎಂದು ಉಮ್ಮ ಬೆರಳು ತೋರಿಸಿದರು. "ಕಲಿತವರು ಸುಮ್ಮನೆ ಇರುವುದಿಲ್ಲ" ಎಂದು ಚಿಕ್ಕಮ್ಮ ಸೇರಿಸಿದರು. ಬೆಕ್ಕಿನ ಸಹಾಯವಿಲ್ಲದೆ ನೇರ ನನಗೇ ಹೇಳಿದರು. ಚಹಾ ಆರುವ ಮೊದಲೇ ನಾನು ಮತ್ತೆ ಸ್ಟೂಲು ಹತ್ತಿ ಹೊಸದನ್ನು ಮರೆಸಿ ಹಳೆಯದನ್ನು ಕಲಿಸುತ್ತಿದ್ದೆ. ಕೆಳಗೆ ನಿಂತು ಇಬ್ಬರೂ ಉಸ್ತುವಾರಿ ಮಾಡಿದರು.

ಚಿಕ್ಕಮ್ಮ ಹೊರಡುವಾಗ ಉಮ್ಮ ನೀಲಿ ಅಂಚಿನ ತಟ್ಟೆ ತಂದರು. ಅಡುಗೆ ಇನ್ನೂ ಆಗಿರಲಿಲ್ಲ. ಪಾತ್ರೆ ಖಾಲಿ ಹೋಗಬಾರದು. ಉಮ್ಮ ಆಚೀಚೆ ನೋಡಿ, ನಾನು ನನ್ನ ಸಂಬಳದಲ್ಲಿ ತಂದ ಹೊಸ ರಿಮೋಟನ್ನು ಎತ್ತಿ ತಟ್ಟೆಯಲ್ಲಿಟ್ಟು ಕೊಟ್ಟರು. ಅದೀಗ ಚಿಕ್ಕಮ್ಮನ ಶೋಕೇಸಿನಲ್ಲಿ ಸೆಂಟಿನ ಬಾಟಲಿಗಳ ನಡುವೆ ಕೂತಿದೆ. ಮೊದಲು ಮಾತಾಡಿದ್ದು ಯಾರು ಎಂಬ ಬಗ್ಗೆ ಇಬ್ಬರಲ್ಲೂ ಈಗ ಹೊಸ ಜಗಳವಿದೆ. ಗೇಟು ದಾಟಿದ್ದು ನೀನು ಎಂದು ಉಮ್ಮ, ಬಾಯಿ ತೆರೆದದ್ದು ನೀನು ಎಂದು ಚಿಕ್ಕಮ್ಮ. ತಟ್ಟೆಗಳು ದಾಟುವಾಗ ಅದೂ ಜೊತೆಗೆ ದಾಟುತ್ತದೆ.

ಭಾನುವಾರ ಬೆಳಿಗ್ಗೆ ನನ್ನ ಕೋಣೆಯಲ್ಲಿ ಈಗಲೂ ಟ್ಯೂಬ್‌ಲೈಟು ಉರಿಯುತ್ತದೆ. ಚಿಕ್ಕಮ್ಮ ಎದ್ದರು ಎಂದುಕೊಂಡು ನಾನು ಗುಲಾಬಿ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತೇನೆ. ಬೆಳಕು ಅದರೊಳಗೂ ಬರುತ್ತದೆ. ಉಮ್ಮ ಹೇಳಿದ್ದು ಸತ್ಯ, ಇದು ತೆಳ್ಳಗೇ ಉಂಟು.