ಬೀಗ ಹಾಕಿದ ಬಾಗಿಲ ಮೇಲಿನ ಶಿಲುಬೆ

ಮಾನ್ವಿಯ ನಮ್ಮ ಚರ್ಚು ಸಣ್ಣದು. ಹಬ್ಬದ ದಿನ ಜನ ಹೆಚ್ಚಾದರೆ ಮಕ್ಕಳನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಬೇಕಾಗುತ್ತದೆ. ಚರ್ಚಿಗೆ ಸೇರಿದ ನಮ್ಮ ಸಭೆಯ ಹೆಚ್ಚಿನ ಮನೆಗಳು ಚರ್ಚಿನ ಹಿಂದಿನ ಎರಡು ಓಣಿಗಳಲ್ಲೇ ಇವೆ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಬೆಳಿಗ್ಗೆ ಇಲ್ಲಿ ಆರಾಧನೆ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ದೇವದುರ್ಗದ ಸಭೆಗೆ ಹೊರಡುತ್ತಾರೆ. ನಾನು ರಾಯಚೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಶನಿವಾರ ಸಂಜೆಯ ಬಸ್ಸಿಗೆ ತವರಿಗೆ ಬಂದು ಸೋಮವಾರ ಬೆಳಿಗ್ಗೆ ಹಿಂದಿರುಗುತ್ತೇನೆ. ಸಭೆಯ ಕಾರ್ಯದರ್ಶಿಯೂ ನಾನೇ. "ಬರಿಯೋದು ಬರ್ತದಲ್ಲ, ಆಕಿಗೇ ಹಚ್ಚರಿ" ಎಂದು ಹಿರಿಯರು ಒಂದು ಭಾನುವಾರ ನನ್ನ ಕೈಗೆ ನಡಾವಳಿ ಪುಸ್ತಕ ಕೊಟ್ಟುಬಿಟ್ಟರು. ಅಂದಿನಿಂದ ಯಾರೂ ವಾಪಸು ಕೇಳಿಲ್ಲ.

ನಮ್ಮ ವರ್ಷಕ್ಕೆ ಅದರದೇ ಒಂದು ಓಟವಿದೆ. ಸುಗ್ಗಿ ಹಬ್ಬಕ್ಕೆ ಜೋಳದ ತೆನೆ, ಹತ್ತಿ, ಕೆಂಪು ಮೆಣಸಿನಕಾಯಿಯನ್ನು ವೇದಿಕೆಯ ಮುಂದೆ ರಾಶಿ ಹಾಕುತ್ತೇವೆ. ಮೆಣಸಿನ ಘಾಟಿಗೆ ಅಯ್ಯನವರ ಪ್ರಸಂಗದ ಉದ್ದಕ್ಕೂ ಜನ ಸೀನುತ್ತಾರೆ. ಕ್ರಿಸ್ಮಸ್ಸಿಗೆ ಓಣಿಯ ತುಂಬ ನಕ್ಷತ್ರ. ಆಮೇಲೆ ಹಣೆಗೆ ಬೂದಿ ಇಡಿಸಿಕೊಳ್ಳುವ ಬೂದಿ ಬುಧವಾರ, ಅಂದಿನಿಂದ ನಲವತ್ತು ದಿನಗಳ ಉಪವಾಸ ಕಾಲ, ಅದರ ಕೊನೆಗೆ, ಜನ ಗರಿ ಹಿಡಿದು ಯೇಸುವನ್ನು ಎದುರುಗೊಂಡ ನೆನಪಿನ ಗರಿಗಳ ಭಾನುವಾರ. ಹೊರಗಿನವರಿಗೆ ತೋರಿಸಲು ಅಂಥ ದೊಡ್ಡದೇನೂ ನಮ್ಮಲ್ಲಿಲ್ಲ. ಆದರೆ ಗರಿಗಳ ಭಾನುವಾರದ ಹಿಂದಿನ ದಿನ ಮಾತ್ರ ನಮ್ಮದೇ.

ಆ ಶನಿವಾರ ನಮ್ಮ ಓಣಿಯ ಒಬ್ಬ ಮುದುಕರು ಚೀಕಲಪರ್ವಿಯ ಹೊಳೆದಂಡೆಗೆ ಹೋಗಿ ಈಚಲ ಗರಿ ಕಡಿದು, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತರುತ್ತಿದ್ದರು. ರಕ್ತಸಂಬಂಧವಿಲ್ಲದಿದ್ದರೂ ನಾನು ಅವರನ್ನು ದೊಡ್ಡಪ್ಪ ಎಂದೂ ಅವರ ಹೆಂಡತಿಯನ್ನು ದೊಡ್ಡವ್ವ ಎಂದೂ ಕರೆದು ಬೆಳೆದವಳು. ಅಕ್ಕಿ ಮಿಲ್ಲಿನಲ್ಲಿ ಮೂವತ್ತು ವರ್ಷ ಚೀಲದ ಬಾಯಿ ಹೊಲಿದ ಕೈ ಅದು. ಚರ್ಚಿನ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಕಿವಿಯ ಮೇಲೆ ಹಚ್ಚದ ಬೀಡಿ ಸಿಕ್ಕಿಸಿಕೊಂಡು, ಗರಿಯನ್ನು ಹಲ್ಲಿನಿಂದ ಸೀಳಿ ಶಿಲುಬೆ ಮಡಚುತ್ತಿದ್ದರು. ಬಾಗಿಲಿಗೊಂದರಂತೆ ಶಿಲುಬೆ. ವರ್ಷವಿಡೀ ಅದು ಬಾಗಿಲ ಮೇಲಿನ ಸಂದಿಯಲ್ಲಿ ಇರಬೇಕು.

"ನಿಮ್ಮ ಮನ್ಯಾಗ ಬಾಗಲ ಎಷ್ಟವ್ವ?" ಎಂದು ನನ್ನನ್ನು ಕೇಳುತ್ತಿದ್ದರು.

"ಒಂದೇ ದೊಡ್ಡಪ್ಪ. ರಾಯಚೂರಾಗ ಬಾಡಿಗಿ ಮನಿ."

"ಒಂದೇ ಬಾಗಲಾ? ಮತ್ತ ಅಷ್ಟು ಪಗಾರ ತಗೊಂಡು ಏನ್ ಮಾಡ್ತಿ ಬೇ?"

ಕೂತ ಹೆಂಗಸರೆಲ್ಲ ನಗುತ್ತಿದ್ದರು. ತಮ್ಮ ಮನೆಯ ಶಿಲುಬೆಯನ್ನು ದೊಡ್ಡಪ್ಪ ಕೊನೆಗೆ ಮಡಚುತ್ತಿದ್ದರು. ಪಕ್ಕದಲ್ಲಿ ಕೂತ ದೊಡ್ಡವ್ವನ ಹಸಿರು ಸೀರೆಯ ಸೆರಗಿನಿಂದ ಒಂದು ಎಳೆ ಎಳೆದು, ಶಿಲುಬೆಯ ನಡುವಿಗೆ ಸುತ್ತಿ ಗಂಟು ಹಾಕುತ್ತಿದ್ದರು. ಆಶೀರ್ವಾದಕ್ಕೆಂದು ಎಲ್ಲ ಶಿಲುಬೆಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟಾಗ ತಮ್ಮದು ಗುರುತು ಸಿಗಲಿ ಎಂದು.

"ವರ್ಷಕ್ಕೊಂದ್ ಎಳಿ ಕಿತ್ತರ ನನ್ನ ಸೀರಿ ಗತಿ ಏನು?" ಎಂದು ದೊಡ್ಡವ್ವ ಗದರುತ್ತಿದ್ದಳು.

"ನಾ ಇರೂತನಕ ಬರ್ತದ, ಸುಮ್ನ ಕೂಡು."

ಹಳೆಯ ಶಿಲುಬೆಗಳು ಮೊದಲೆಲ್ಲ ಬಾಗಿಲ ಮೇಲೇ ಒಣಗಿ ಉದುರಿ ಹೋಗುತ್ತಿದ್ದವು. ಬೂದಿ ಬುಧವಾರಕ್ಕೆ ಯಾರದೋ ಒಲೆಯ ಬೂದಿಯನ್ನು ಸೋಸಿ ತರುತ್ತಿದ್ದರು. ಹಿಂದಿನ ವರ್ಷದ ಗರಿಗಳನ್ನು ಸುಟ್ಟು ಅದೇ ಬೂದಿಯನ್ನು ಹಣೆಗಿಡುವ ಪದ್ಧತಿ ಬೇರೆ ಸಭೆಗಳಲ್ಲಿದೆ ಎಂದು ಓದಿಕೊಂಡು ಬಂದು ಹೇಳಿದವಳು ನಾನು. ಅಯ್ಯನವರಿಗೂ ಹಿಡಿಸಿತು. ಉಪವಾಸ ಕಾಲದ ಮುಂಚಿನ ಭಾನುವಾರ ಚೀಲ ಹಿಡಿದು ಮನೆಮನೆಗೆ ಹೋಗಿ ಹಳೆಯ ಶಿಲುಬೆ ಕೂಡಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ.

"ಮಡಚಾಂವ ನಾ, ಸುಡಾಕಿ ನೀ. ಚೊಲೋ ಜೋಡಿ ಆತು" ಎಂದು ದೊಡ್ಡಪ್ಪ ನಕ್ಕಿದ್ದರು. ಅದು ಬರೀ ತಮಾಷೆಯಾಗಿತ್ತೋ, ಒಳಗೆ ಸ್ವಲ್ಪ ನೋವಿತ್ತೋ, ನನಗೆ ಈಗ ಹೇಳಲು ಬರುವುದಿಲ್ಲ. ಆ ನಗುವನ್ನು ನಾನು ಎಷ್ಟೋ ಸಲ ನೆನೆಸಿಕೊಂಡು ಸವೆಸಿದ್ದೇನೆ.

ಒಂದು ಮಳೆಗಾಲದಲ್ಲಿ ಅವರು ತೀರಿಕೊಂಡರು. ಆ ವರ್ಷ ಓಣಿಯ ಎಲ್ಲ ಬಾಗಿಲುಗಳ ಮೇಲಿದ್ದದ್ದು ಅವರು ಮಡಚಿದ ಕೊನೆಯ ಶಿಲುಬೆಗಳು. ಇದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಉಪವಾಸ ಕಾಲ ಬಂತು, ನಾನು ಎಂದಿನಂತೆ ಚೀಲ ಹಿಡಿದು ಹೊರಟೆ. ಎಲ್ಲರೂ ಕೊಟ್ಟರು. ದೊಡ್ಡವ್ವನ ಬಾಗಿಲಿಗೆ ಬೀಗವಿತ್ತು. ದೇವದುರ್ಗದ ಮಗಳ ಮನೆಗೆ ಹೋಗಿದ್ದಾಳೆಂದು ಪಕ್ಕದ ಮನೆಯವರು ಹೇಳಿದರು. ನಾನು ಕಟ್ಟೆ ಹತ್ತಿ, ಕೈ ಚಾಚಿ, ಸಂದಿಯಲ್ಲಿದ್ದ ಶಿಲುಬೆಯನ್ನು ಎಳೆದು ಚೀಲಕ್ಕೆ ಹಾಕಿಕೊಂಡೆ.

ಆ ಸಂಜೆ ದಿನಚರಿಯಲ್ಲಿ ಬರೆದ ಸಾಲು ಇಲ್ಲೇ ಇದೆ: "ಎಲ್ಲ ಮನೆಗಳಲ್ಲೂ ಕೇಳಿ ತಂದೆ. ಯಾರದೂ ಉಳಿದಿಲ್ಲ." ಎರಡೂ ವಾಕ್ಯ ಸುಳ್ಳು. ಒಬ್ಬಳನ್ನು ನಾನು ಕೇಳಿರಲಿಲ್ಲ. ಒಂದು ಶಿಲುಬೆ ಉಳಿದಿತ್ತು, ಅದು ನನ್ನದೇ. ರಾಯಚೂರಿನಲ್ಲಿ ಮನೆ ಮಾಲೀಕರು ಏನಂದುಕೊಳ್ಳುತ್ತಾರೋ ಎಂಬ ಅಳುಕಿಗೆ ನಾನದನ್ನು ಬಾಗಿಲಿಗೆ ಸಿಕ್ಕಿಸದೆ ನಿಘಂಟಿನ ಹಾಳೆಗಳ ನಡುವೆ ಇಟ್ಟಿದ್ದೆ. ಅವರು ಒಂದು ದಿನವೂ ನನ್ನ ಜಾತಿ, ಧರ್ಮ ಕೇಳಿದವರಲ್ಲ. ಅಳುಕು ನನ್ನದೇ.

ಬುಧವಾರದ ಆರಾಧನೆಗಾಗಿ ರಜೆ ಹಾಕಿ ನಾನು ಮಾನ್ವಿಯಲ್ಲೇ ಉಳಿದಿದ್ದೆ. ಮಂಗಳವಾರ ಪಡಸಾಲೆಯಲ್ಲಿ ಕಬ್ಬಿಣದ ಬಾಣಲೆ ಇಟ್ಟು ಸುಟ್ಟೆ. ಒಣಗಿದ ಈಚಲು ಚಟಚಟ ಎಂದು ಬೇಗ ಹತ್ತಿಕೊಳ್ಳುತ್ತದೆ. ಅದರಲ್ಲಿ ಹಸಿರು ದಾರವನ್ನು ನಾನು ಕಂಡೆನೇ? ಕೆಲವು ದಿನ ಕಂಡಿಲ್ಲವೆಂದು ಖಚಿತವಾಗಿ ಅನಿಸುತ್ತದೆ. ಕೆಲವು ದಿನ ದಾರದ ತುದಿ ಕಪ್ಪಾಗಿ ಸುರುಟಿಕೊಂಡದ್ದು ಕಣ್ಣೆದುರು ಬರುತ್ತದೆ. ಕಂಡಿದ್ದರೆ ಇಕ್ಕಳದಿಂದ ಎತ್ತಬಹುದಿತ್ತು. ಎತ್ತಲಿಲ್ಲ. ದಿನಚರಿಯಲ್ಲಿ ಆ ಬಗ್ಗೆ ಒಂದಕ್ಷರವಿಲ್ಲ. ವಿದ್ಯಾರ್ಥಿಗಳಿಗೆ ನಾನು ಹೇಳುವುದುಂಟು, ದಾಖಲೆ ಸುಮ್ಮನಿದ್ದರೆ ಯಾಕೆ ಸುಮ್ಮನಿದೆ ಎಂದು ಕೇಳಿ ಎಂದು. ನನ್ನ ದಾಖಲೆಯನ್ನು ನಾನು ಕೇಳಲು ಬಹಳ ದಿನ ತೆಗೆದುಕೊಂಡೆ.

ಬುಧವಾರ ದೊಡ್ಡವ್ವ ದೇವದುರ್ಗದ ಬಸ್ಸಿಳಿದು ನೇರವಾಗಿ ಚರ್ಚಿಗೆ ಬಂದಳು. ಕೈಚೀಲವನ್ನು ಬಾಗಿಲಲ್ಲಿಟ್ಟು ಎಲ್ಲರಿಗಿಂತ ಮೊದಲು ಮೊಣಕಾಲೂರಿದಳು. ಅಯ್ಯನವರು ಹೆಬ್ಬೆರಳಿನಿಂದ ಅವಳ ಹಣೆಗೆ ಬೂದಿ ಇಟ್ಟರು. ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನು. ಆರಾಧನೆ ಮುಗಿದು ಅವಳು ಮನೆಗೆ ಹೋದಳು. ನಾನು ಚಾಪೆ ಸುತ್ತುತ್ತಿರುವಾಗಲೇ ತಿರುಗಿ ಬಂದಳು. ಹಣೆಯ ಬೂದಿ ಹಾಗೇ ಇತ್ತು.

"ಯವ್ವಾ, ನಮ್ಮ ಬಾಗಲ ಮ್ಯಾಲಿಂದು ಯಾರು ತಗದ್ರು?"

"ನಾನೇ ದೊಡ್ಡವ್ವ."

"ಸುಟ್ಟೇನು?"

ಹೌದು ಎನ್ನುವುದು ಒಂದೇ ಮಾತು. ಅವಳ ಹಣೆ ನನ್ನ ಕಣ್ಣೆದುರಿಗಿತ್ತು. "ಇಲ್ಲ" ಎಂದೆ. "ಅವರ ಕೈದು ಅಂತ ಬ್ಯಾರೆ ತಗದಿಟ್ಟೀನಿ. ರಾಯಚೂರಾಗ ಅದ. ಬರೋ ಐತಾರ ತರ್ತೀನಿ."

"ದೇವ್ರು ಚೊಲೋದು ಮಾಡ್ಲಿ ನಿನಗ" ಎಂದು ಅವಳು ನನ್ನ ಕೈ ಹಿಡಿದುಕೊಂಡಳು.

ರಾಯಚೂರಿಗೆ ಬಂದವಳೇ ನಿಘಂಟಿನೊಳಗಿನ ಶಿಲುಬೆಯನ್ನು ತೆಗೆದೆ. ಅದೂ ದೊಡ್ಡಪ್ಪನದೇ ಕೈಕೆಲಸ. ಆದರೆ ಬಿಸಿಲು ಕಾಣದ್ದರಿಂದ ಇನ್ನೂ ಹಸಿರು ಛಾಯೆಯಿತ್ತು. ಅವಳ ಬಾಗಿಲಿನದು ಬಿಸಿಲಿಗೆ ಹಳದಿಯಾಗಿತ್ತು. ಎರಡು ದಿನ ಮಹಡಿಯ ಮೇಲೆ ಬಿಸಿಲಿಗಿಟ್ಟೆ. ರಾಯಚೂರಿನ ಬಿಸಿಲು ಮೋಸ ಮಾಡಲಿಲ್ಲ. ಟೇಲರ್ ಅಂಗಡಿಯಿಂದ ಹಸಿರು ದಾರ ತಂದು ನಡುವಿಗೆ ಸುತ್ತಿ ಗಂಟು ಹಾಕಿದೆ. ದಾರ ಹೊಸದಾಗಿ ಕಾಣುತ್ತಿತ್ತು, ಅದಕ್ಕೆ ಸ್ವಲ್ಪ ಚಹಾ ಸವರಿದೆ. ಇಷ್ಟನ್ನೆಲ್ಲ ಅವಳಿಗೆ ಸಮಾಧಾನವಾಗಲಿ ಎಂದು ಮಾಡುತ್ತಿದ್ದೇನೆಂದು ನಾನು ನಂಬಿದ್ದೆ.

ಭಾನುವಾರ ಕೊಟ್ಟೆ. ಅವಳು ಅದನ್ನು ತಿರುಗಿಸಿ ನೋಡಿದಳು. ಗಂಟಿನ ಮೇಲೆ ಹೆಬ್ಬೆರಳು ಆಡಿಸಿದಳು. "ಆತು ಬಿಡವ್ವ" ಎಂದು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ನನಗೆ ಹಗುರವಾಯಿತು. ಆ ಸಂಜೆ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ ಮಿರ್ಚಿಭಜಿ ತಿಂದದ್ದನ್ನೂ ದಿನಚರಿಯಲ್ಲಿ ಬರೆದಿದ್ದೇನೆ.

ಆ ವರ್ಷ ಗರಿ ತರಲು ನಾವು ಕೆಲವು ಹೆಂಗಸರೇ ಆಟೊ ಮಾಡಿಕೊಂಡು ಚೀಕಲಪರ್ವಿಗೆ ಹೋದೆವು. ನಮ್ಮ ಶಿಲುಬೆಗಳು ಸೊಟ್ಟಗಾದವು, ಕೆಲವು ಆಶೀರ್ವಾದಕ್ಕೆ ಮೊದಲೇ ಬಿಚ್ಚಿಕೊಂಡವು. ದೊಡ್ಡವ್ವ ಬಂದು ನನ್ನ ಪಕ್ಕ ಕೂತಳು. ಮಡಚಲಿಲ್ಲ. "ಮತ್ತೇನ್ ಹೇಳವ್ವ?" ಎಂದಳು. ನಾನು ಕಾಲೇಜಿನ ಪರೀಕ್ಷೆಯ ಸುದ್ದಿ ಹೇಳಿದೆ. ಸುಗ್ಗಿ ಹಬ್ಬದಲ್ಲಿ ಮೆಣಸಿನಕಾಯಿ ರಾಶಿಯ ಹಿಂದೆ ಸೀನುತ್ತ ಕೂತಿದ್ದಾಗಲೂ ಕೇಳಿದಳು, "ಮತ್ತೇನ್ ಹೇಳವ್ವ?" ಬಸ್ಸಿನ ರಶ್ಶಿನ ಬಗ್ಗೆ ಹೇಳಿದೆ. ಕ್ರಿಸ್ಮಸ್ಸಿನಲ್ಲಿ ಕರ್ಚಿಕಾಯಿ ತುಂಬುವಾಗಲೂ ಅದೇ ಮಾತು. ಮುದುಕರಿಗೆ ಮಾತು ಬೇಕಾಗುತ್ತದೆ ಎಂದುಕೊಂಡು ಪ್ರತಿ ಸಲ ನಾನು ಏನಾದರೂ ಹೇಳಿದೆ, ಆ ಒಂದನ್ನು ಬಿಟ್ಟು.

ಮತ್ತೆ ಉಪವಾಸ ಕಾಲ ಬಂದಾಗ ನಾನು ಚೀಲ ಹಿಡಿದು ಅವಳ ಬಾಗಿಲನ್ನು ದಾಟಿ ಮುಂದೆ ಹೋಗುತ್ತಿದ್ದೆ. ಕೇಳಬಾರದೆಂದು ನಿರ್ಧರಿಸಿದ್ದೆ. ಅವಳೇ ಕರೆದಳು. ಬಾಗಿಲಿನಿಂದ ಶಿಲುಬೆ ತೆಗೆದು ನನ್ನ ಕೈಯಲ್ಲಿಟ್ಟಳು.

"ತಗೋ. ನಿಂದು ನಿನಗ."

"ದೊಡ್ಡವ್ವ, ಇದು..."

"ಗಂಟು ಅವಂದಲ್ಲ ಬೇ. ಮೂವತ್ತು ವರ್ಷ ಚೀಲದ ಬಾಯಿ ಕಟ್ಟಿದಾಂವ. ಅವನ ಗಂಟು ಒಂದು ತುದಿ ಎಳದ್ರ ಸರ್ರನೆ ಬಿಚ್ಚತದ. ಇದು ಶಾಲಿ ಮಕ್ಕಳು ಹಾಕೋ ಗಂಟು."

ಕಟ್ಟೆಯ ಮೇಲೆ ಕೂತೆ. ಹೋದ ವರ್ಷ ಕೈ ಚಾಚಲು ಹತ್ತಿದ್ದೂ ಅದೇ ಕಟ್ಟೆ.

"ಯಾವಾಗ ಗೊತ್ತಾತು?"

"ನೀ ಕೊಟ್ಟ ದಿನಾನೇ."

"ಮತ್ತ್ಯಾಕ ಸುಮ್ಮನಿದ್ದಿ?"

"ನೀನೇ ಹೇಳ್ತಿ ಅಂತ ನೋಡಿದೆ. ಗರಿ ಹಬ್ಬಕ್ಕ ನೋಡಿದೆ, ಸುಗ್ಗಿಗೆ ನೋಡಿದೆ. ಕೇಳಿದ್ರ ನೀ ಬಸ್ಸಿನ ಸುದ್ದಿ ಹೇಳ್ತಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಸುಟ್ಟಿದ್ದು ಹೋಗ್ಲಿ. ನನ್ನ ಎಳಿ, ಅವನ ಗರಿ ಎಲ್ಲರ ಹಣಿಗಿ ಹತ್ತಿತು. ಅದರಾಗೇನು ತಪ್ಪದ? ಇಲ್ಲ ಅಂದ್ಯಲ್ಲ, ಅದು."

ನಾನು ಆಗ ಎಲ್ಲವನ್ನೂ ಹೇಳಿದೆ. ಬೀಗ, ಬಾಣಲೆ, ನಿಘಂಟು, ಮಹಡಿಯ ಬಿಸಿಲು, ಚಹಾ. ಚಹಾದ ಮಾತಿಗೆ ಅವಳಿಗೆ ನಗು ಬಂತು. "ಎಂ.ಎ. ಓದಿದಾಕಿ ಬುದ್ಧಿ ನೋಡು" ಎಂದಳು. ದಾರವನ್ನು ಬೆಂಕಿಯಲ್ಲಿ ಕಂಡೆನೋ ಇಲ್ಲವೋ ನನಗೇ ತಿಳಿಯದು ಎಂದೂ ಹೇಳಿದೆ.

ನಾನು ಶಿಲುಬೆಯನ್ನು ಚೀಲಕ್ಕೆ ಹಾಕಲು ಹೋದೆ.

"ಹಾಕಬ್ಯಾಡ" ಎಂದಳು. "ಗಂಟು ಬಿಚ್ಚು. ಮಡಿಕಿ ಅವಂದೇ ಅದ. ಮ್ಯಾಲೆ ಇಡ್ತೀನಿ."

ನನ್ನ ಗಂಟು ಒಂದು ವರ್ಷದ ಬಿಸಿಲು ಮಳೆಗೆ ಬಿಗಿದುಕೊಂಡಿತ್ತು. ಎಳೆದರೆ ಗರಿ ಹರಿಯುತ್ತಿತ್ತು. ಉಗುರಿನಿಂದ, ಆಮೇಲೆ ಅವಳು ಕೊಟ್ಟ ಸೂಜಿಯಿಂದ, ಎಳೆ ಎಳೆಯಾಗಿ ಬಿಡಿಸುತ್ತ ಬಹಳ ಹೊತ್ತು ಕೂತೆ. ಅವಳು ಎದುರಿಗೆ ನಿಂತು ನೋಡುತ್ತಿದ್ದಳು. ಸಹಾಯಕ್ಕೆ ಬರಲಿಲ್ಲ. ಬಿಚ್ಚಿದ ಮೇಲೆ ಶಿಲುಬೆಯನ್ನು ಇಸಿದುಕೊಂಡು, ತಾನೇ ಕಟ್ಟೆ ಹತ್ತಿ ಸಂದಿಯಲ್ಲಿ ಸಿಕ್ಕಿಸಿದಳು.

ಆ ಬಾಗಿಲಿಗೆ ನಾನೀಗ ಚೀಲ ಒಯ್ಯುವುದಿಲ್ಲ. ರಾಯಚೂರಿನ ನನ್ನ ಬಾಗಿಲ ಮೇಲೆ ನಾನೇ ಮಡಚಿದ ಸೊಟ್ಟ ಶಿಲುಬೆಯೊಂದಿದೆ. ಮನೆ ಮಾಲೀಕರ ಹೆಂಡತಿ ಒಮ್ಮೆ ಅದೇನೆಂದು ಕೇಳಿದರು, ಹೇಳಿದೆ, ಅಷ್ಟೇ. ದಿನಚರಿಯ ಆ ಹಳೆಯ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿದ್ದೆ. ಹೊಡೆದರೆ ಅದೂ ಮುಚ್ಚುವ ಕೆಲಸವೇ ಆಗುತ್ತದೆ ಅನಿಸಿತು. ಸುಳ್ಳನ್ನು ಹಾಗೇ ಬಿಟ್ಟು, ಅದರ ಕೆಳಗೆ ಬೇರೆ ಶಾಯಿಯಲ್ಲಿ ಬರೆದೆ: ಬಾಗಿಲಿಗೆ ಬೀಗವಿತ್ತು. ನಾನು ಕೇಳಲಿಲ್ಲ.